ಎಕ್ಸ್‌ರೇ ನಾರ್ಮಲ್, ಮೊಣಕಾಲು ಮಾತ್ರ ನಾರ್ಮಲ್ ಅಲ್ಲ

"ಕಾಲುಂಗುರ ತೆಗೀರಿ ಮೇಡಂ."

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ಹೀಗೆಂದಾಗ ಪೆಚ್ಚಾದೆ. ಮದುವೆಯಾದಾಗಿನಿಂದ ಬಿಚ್ಚದ ಉಂಗುರ ಅದು. ಸೋಪು ಹಚ್ಚಿ ಎಳೆದೆಳೆದು ತೆಗೆಯುವಷ್ಟರಲ್ಲಿ ಸಾಕುಬೇಕಾಯಿತು.

ಅಲ್ಲಿಗೆ ಯಾಕೆ ಹೋಗಿದ್ದೆ ಅಂತೀರಾ? ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟವರ್ ಟವರ್‌ಗಳ ನಡುವೆ ನಡಿಗೆಯ ಪಂದ್ಯ. ಯಾವ ಟವರಿನವರ ಫೋನಿನಲ್ಲಿ ಹೆಜ್ಜೆ ಜಾಸ್ತಿಯೋ ಅವರಿಗೆ ಕಪ್. ವರ್ಷವಿಡೀ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಾನು (ಲಿಫ್ಟ್ ಕೆಟ್ಟರೆ ಮನೆಯಲ್ಲೇ ಉಳಿಯುವ ಪೈಕಿ) ಏಕಾಏಕಿ ಬೆಳಿಗ್ಗೆ ಸಂಜೆ ಕಾಂಕ್ರೀಟಿನ ಮೇಲೆ ದಬದಬ ನಡೆದೆ. ಕೆಲವೇ ದಿನಗಳಲ್ಲಿ ಮೊಣಕಾಲಿನ ಕೆಳಗೆ ನೋವು ಶುರುವಾಯಿತು.

ಎಕ್ಸ್‌ರೇ ತೆಗೆಸಿದೆ. ನಾರ್ಮಲ್!

"ನಾರ್ಮಲ್ ಅಂದ್ಮೇಲೆ ಇನ್ನೇನ್ರೀ? ನಡೀರಿ, ಸರಿಹೋಗತ್ತೆ" ಎಂದರು ನಮ್ಮ ಟವರಿನ ಕ್ಯಾಪ್ಟನ್ ಸುಮಕ್ಕ. ಗಂಡನೂ "ತಲೆಗೆ ಹಚ್ಕೋಬೇಡ ಕಣೇ" ಎಂದ. ನಡೆದೆ. ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು. ಹೇಳಿದರೆ ನಂಬುವವರಿಲ್ಲ, ರಿಪೋರ್ಟೇ ನನ್ನ ವಿರುದ್ಧ ಸಾಕ್ಷಿ! ಸಿಟ್ಟು ನೆತ್ತಿಗೇರಿ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಒಂದೇ ಜಾಗವನ್ನು ಬೆರಳಿನಿಂದ ಒತ್ತಿದರು. ಕಿಟಾರನೆ ಕಿರುಚಿದೆ. ಎಂಆರ್‌ಐ ಬರೆದುಕೊಟ್ಟರು.

ಆ ಯಂತ್ರದ ಗಲಾಟೆಯೋ, ಪಕ್ಕದ ಫ್ಲ್ಯಾಟಿನಲ್ಲಿ ಗೋಡೆ ಕೊರೆದ ಹಾಗೆ. ಆದರೆ ಚಿತ್ರ ನೋಡಿ ಬೆರಗಾದೆ. ಮೊಣಕಾಲಿನ ಕೆಳಗಿನ ಮೂಳೆಯೊಳಗೆ ಬೆಳ್ಳಗೆ ಮಂಜು ಕವಿದಿತ್ತು. ನಡುವೆ ಸಣ್ಣ ಕಪ್ಪು ಗೆರೆ.

"ಇದೇ ಬಿರುಕು. ಸ್ಟ್ರೆಸ್ ಫ್ರ್ಯಾಕ್ಚರ್" ಎಂದರು ಡಾಕ್ಟರು.

"ಮತ್ತೆ ಎಕ್ಸ್‌ರೇಲಿ ಯಾಕೆ ಕಾಣ್ಲಿಲ್ಲ?"

"ಶುರುವಿನಲ್ಲಿ ಎಷ್ಟೋ ಸಲ ಕಾಣಲ್ಲಮ್ಮ. ಮೂಳೆ ಒಳಗಿನ ಊತ ಎಂಆರ್‌ಐಗೆ ಗೊತ್ತಾಗತ್ತೆ. ಹಿಂಗೇ ನಡೀತಿದ್ರೆ ಪೂರ್ತಿ ಮುರ್ಕೊಂಡು ಆಪರೇಷನ್‌ಗೆ ಬರ್ತಿದ್ರಿ."

ಬೀಳದೆ, ಜಾರದೆ, ಬರೀ ನಡೆದೇ ಮೂಳೆ ಬಿರಿಯುತ್ತದಂತೆ! ದಿಢೀರನೆ ಹೊರೆ ಹೆಚ್ಚಿದರೆ ಮೂಳೆಗೆ ರಿಪೇರಿ ಮಾಡಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲವಂತೆ. ನಮ್ಮ ಕಡೆ ಯಾರಿಗೆ ತಾನೇ ಪುರುಸೊತ್ತಿದೆ ಹೇಳಿ?

ಈಗ ಊರುಗೋಲು, ಸೋಫಾ, ವಿಶ್ರಾಂತಿ. ಆ ಚಿತ್ರವನ್ನು ಟವರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಾಕಿದ್ದೇ ತಡ, "ಅಯ್ಯೋ ಪಾಪ"ಗಳ ಸುರಿಮಳೆ. ಸುಮಕ್ಕ ಬಿಸಿ ಸಾರು ಹಿಡಿದು ಓಡಿಬಂದರು.

"ಇಷ್ಟೊಂದು ನೋವಿತ್ತಾ? ಒಂದ್ ಮಾತು ಹೇಳ್ಬಾರ್ದಿತ್ತೇನ್ರೀ?"

ಬಾಯಿಬಿಟ್ಟು ಹೇಳಿದ ನೋವನ್ನು ನಂಬುವುದಕ್ಕೆ ನಮಗೆ ಅದರ ಫೋಟೋನೇ ಬೇಕಾ?