ಎಂಟು, ಒಂಬತ್ತು ಇಲ್ಲದ ಲೆಕ್ಕ

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನನಗೆ ಜಂಭ ಸ್ವಲ್ಪ ಜಾಸ್ತಿ ಎಂದು ಮನೆಯವರೆಲ್ಲ ಹೇಳುವುದುಂಟು, ನಾನು ಒಪ್ಪುತ್ತಿರಲಿಲ್ಲ. ಮಡಂತ್ಯಾರಿನಲ್ಲಿ ಕುಣಿತ ಭಜನೆಯ ಸ್ಪರ್ಧೆ ಇಟ್ಟಾಗ ಅಂಕ ಕೂಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಹಿಂದಿನ ಸಲ ಕಾಗದ, ಪೆನ್ನು ಹಿಡಿದು ಕೂಡಿಸಿ ಮುಗಿಯುವಷ್ಟರಲ್ಲಿ ಜನರೆಲ್ಲ ಎದ್ದು ಹೋಗಿದ್ದರಂತೆ. "ಕೊನೆಯ ತಂಡ ವೇದಿಕೆ ಇಳಿಯುವುದರೊಳಗೆ ಫಲಿತಾಂಶ ಕೊಡ್ತೇನೆ" ಎಂದು ಸಮಿತಿಯ ಕಾರ್ಯದರ್ಶಿಗೆ ಮಾತು ಕೊಟ್ಟೆ.

ಕೆಲಸ ದೊಡ್ಡದೇನಲ್ಲ. ಒಂದೊಂದು ತಂಡಕ್ಕೆ ಒಂದೊಂದು ಟೆಕ್ಸ್ಟ್ ಫೈಲು. ಹಾಡು, ಹೆಜ್ಜೆ, ತಾಳಕ್ಕೆ ತೀರ್ಪುಗಾರರು ಹತ್ತರಲ್ಲಿ ಕೊಟ್ಟ ಅಂಕಗಳನ್ನು ಸಾಲಿಗೊಂದರಂತೆ ಅದರಲ್ಲಿ ಟೈಪು ಮಾಡುವುದು. ಆಮೇಲೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟು ಪ್ರತಿ ಫೈಲನ್ನೂ ತೆರೆದು, ಸಾಲು ಸಾಲಾಗಿ ಓದಿ, ಕೂಡಿಸಿ ಮೊತ್ತ ಹೇಳುತ್ತದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ತಾವಾಗಿಯೇ ಮೂಡುವುದನ್ನು ನೋಡಿದವರಿಗೆ ಮಂತ್ರ ಹಾಕಿದಂತೆ ಅನಿಸುತ್ತದೆ. ಹಾಗೆ ಅನಿಸಲಿ ಎಂದೇ ಲ್ಯಾಪ್‌ಟಾಪನ್ನು ಸಭಾಭವನದ ಪ್ರೊಜೆಕ್ಟರಿಗೆ ಸಿಕ್ಕಿಸಿಕೊಂಡು ಕೂತಿದ್ದೆ.

ವಾಮದಪದವಿನಿಂದ ನನ್ನ ಅಣ್ಣನ ಹೆಂಡತಿಯ ತಂಡವೂ ಬಂದಿತ್ತು. ಹೆಂಗಸರು ತಾಳ ಹಿಡಿದು ಕುಣಿಯುವುದಾ ಎಂದು ಊರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಬೀಡಿ ಕಟ್ಟುವವರನ್ನು, ಡೈರಿಗೆ ಹಾಲು ತರುವವರನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಆ ತಂಡ ಕಟ್ಟಿದವರು ಅತ್ತಿಗೆ. ಹಾಡು ಹೇಳಿಕೊಡುವುದು, ಹೆಜ್ಜೆ ತಿದ್ದುವುದು, ಮುಂದೆ ನಿಂತು ತಾಳ ಹಾಕುವುದು ಎಲ್ಲ ಅವರದ್ದೇ. ಆ ದಿನ ಅವರು ದೀಪದ ಸುತ್ತ ಕುಣಿಯುವಾಗ ಸಭಾಭವನದಲ್ಲಿ ಕುರ್ಚಿ ಎಳೆಯುವ ಸದ್ದೂ ಇರಲಿಲ್ಲ. ನಾನು ಸರಿಯಾಗಿ ನೋಡಲೂ ಇಲ್ಲ. ಹಿಂದಿನ ತಂಡದ ಅಂಕ ಟೈಪು ಮಾಡುತ್ತಿದ್ದೆ.

ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರರು. ಹಳೆಯ ಮಾಸ್ತರರ ಕ್ರಮದಂತೆ ಅವರು ಒಂಟಿ ಅಂಕಿಯನ್ನು ಒಂಟಿಯಾಗಿ ಬಿಡುವವರಲ್ಲ. ಎಂಟು ಎಂದರೆ 08, ಒಂಬತ್ತು ಎಂದರೆ 09. ಎಡಗಡೆ ಜಾಗ ಖಾಲಿ ಬಿಟ್ಟರೆ ಯಾರಾದರೂ ಆಮೇಲೆ ಏನಾದರೂ ಸೇರಿಸಿಯಾರು ಎಂಬ ಎಚ್ಚರ. ನಮಗೂ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದರು. ಉಳಿದಿಬ್ಬರು ಬರಿಯ 8, 9 ಎಂದು ಬರೆದಿದ್ದರು. ಯಾರು ಹೇಗೆ ಬರೆದರೋ ಹಾಗೆಯೇ ನಾನು ಟೈಪು ಮಾಡಿದೆ.

ಸ್ಕ್ರಿಪ್ಟು ಓಡಿಸಿದ ಕೂಡಲೇ ಮೊತ್ತಗಳ ನಡುನಡುವೆ ಇಂಗ್ಲಿಷಿನ ತಕರಾರಿನ ಸಾಲುಗಳು ಪರದೆ ತುಂಬ ಬಂದವು. ಮುಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದರು. ನನ್ನ ಮುಖ ಬಿಸಿಯಾಯಿತು. ಆ ಸಾಲುಗಳನ್ನು ಓದಬೇಕಿತ್ತು, ಓದಲಿಲ್ಲ. ಫೈಲಿನಲ್ಲಿ ಎಲ್ಲೋ ಖಾಲಿ ಸಾಲು ಇದ್ದೀತು, ಅದಕ್ಕೇ ಗೊಣಗುತ್ತಿದೆ ಎಂದುಕೊಂಡೆ. ತಪ್ಪಿನ ಸಂದೇಶಗಳನ್ನು ಕಣ್ಣಿಗೆ ಬೀಳದ ಹಾಗೆ ಆಚೆ ಎಸೆಯುವ ಒಂದು ತುಣುಕನ್ನು ಸ್ಕ್ರಿಪ್ಟಿನ ಕೊನೆಗೆ ಸೇರಿಸಿ ಇನ್ನೊಮ್ಮೆ ಓಡಿಸಿದೆ. ಪರದೆ ಚೊಕ್ಕವಾಯಿತು. ತಂಡದ ಹೆಸರು, ಮೊತ್ತ, ಅಷ್ಟೇ. ಜನ ಚಪ್ಪಾಳೆ ತಟ್ಟಿದರು.

ಅತ್ತಿಗೆಯ ತಂಡ ಕೆಳಗಿನಿಂದ ಎರಡನೆಯದಾಗಿತ್ತು.

ಹೆಡ್‌ಮಾಸ್ತರರು ನನ್ನ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು. "ಅಲ್ಲ ಟೀಚರ್, ಆ ವಾಮದಪದವಿನವರು ಅಷ್ಟು ಹಿಂದೆ ಹೇಗೆ ಹೋದ್ರು?"

"ಕಂಪ್ಯೂಟರ್ ಕೂಡಿಸಿದ್ದು ಸರ್. ಕೈಲೆಕ್ಕ ಆದ್ರೆ ತಪ್ಪೀತು."

ಉಳಿದಿಬ್ಬರು ಕಡಿಮೆ ಕೊಟ್ಟಿರಬೇಕು ಎಂದುಕೊಂಡರೋ ಏನೋ, ಅವರು ತಮ್ಮ ಜಾಗಕ್ಕೆ ಹೋಗಿ ಕೂತರು. ಫಲಿತಾಂಶವನ್ನು ಮೈಕಿನಲ್ಲಿ ನಾನೇ ಓದಿದೆ. ಕಾರ್ಯದರ್ಶಿ ನನಗೆ ಶಾಲು ಹೊದಿಸಿ, "ಸ್ವಂತ ಅತ್ತಿಗೆಯವರ ತಂಡ ಸೋತರೂ ನಮ್ಮ ಟೀಚರ್ ಒಂದು ಅಂಕವನ್ನೂ ಆಚೆ ಈಚೆ ಮಾಡಲಿಲ್ಲ" ಎಂದು ಹೊಗಳಿದರು. ಆ ಹೊಗಳಿಕೆಯನ್ನು ನಾನು ಪಾಯಸದ ಹಾಗೆ ಕುಡಿದೆ. ಅತ್ತಿಗೆ ಸೋತದ್ದರಿಂದ ನನ್ನ ತೂಕ ಹೆಚ್ಚಾಯಿತು ಎಂದು ಒಳಗೊಳಗೆ ಸಂತೋಷವೂ ಆಯಿತು. ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಇದು ನಿಜ.

ಹೊರಗೆ ಜೀಪಿನ ಹತ್ತಿರ ಅತ್ತಿಗೆ ಕೇಳಿದರು, "ಎಲ್ಲಿ ತಪ್ಪಿತು, ನಿಂಗೆ ಏನಾದ್ರೂ ಗೊತ್ತುಂಟಾ?"

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಹೆಗಲ ಮೇಲೆ ಶಾಲು ಇತ್ತಲ್ಲ, ಹಾಗೆನ್ನಲು ಬಾಯಿ ಬರಲಿಲ್ಲ. "ನಿಮ್ಮ ಎರಡನೇ ಹಾಡಿನ ಓಟ ಜೋರಾಯ್ತು ಅತ್ತಿಗೆ. ಹೆಜ್ಜೆ ತಾಳಕ್ಕೆ ಸಿಗ್ಲಿಲ್ಲ" ಎಂದೆ. ಭಜನೆಯ ತಾಳದ ಗಂಧಗಾಳಿ ನನಗಿಲ್ಲ. ಅಂಕ ಕಡಿಮೆ ಬಂದದ್ದಕ್ಕೆ ಒಂದು ಕಾರಣ ಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ. ಅತ್ತಿಗೆ ತಲೆಯಾಡಿಸಿದರು. ಮುಂದಿನ ವಾರವೇ, ತನಗೆ ಪ್ರಾಯವಾಯಿತು, ಲಯದ ಹಿಡಿತ ತಪ್ಪುತ್ತಿದೆ ಎಂದು ಹೇಳಿ ಮುಂದಿನ ಜಾಗವನ್ನು ಒಬ್ಬ ಸಣ್ಣ ಪ್ರಾಯದ ಹೆಂಗಸಿಗೆ ಬಿಟ್ಟುಕೊಟ್ಟರಂತೆ. ಅಣ್ಣ ಫೋನಿನಲ್ಲಿ ತಿಳಿಸಿದಾಗ ಒಳ್ಳೆಯದೇ ಆಯಿತು ಎಂದೆ.

ಕೆಲವು ವಾರಗಳ ಮೇಲೆ ಲ್ಯಾಬ್ ಪರೀಕ್ಷೆಗೆ ಪ್ರಶ್ನೆ ತಯಾರಿಸುತ್ತಿದ್ದೆ. ಸ್ಕ್ರಿಪ್ಟನ್ನು ಓದಿ ಓಡಿಸುವ ಶೆಲ್ಲಿಗೆ ಒಂದು ಚಟ: ಎಡಗಡೆ ಸೊನ್ನೆ ಇರುವ ಅಂಕಿ ಕಂಡರೆ ಅದನ್ನು ಹತ್ತರ ಲೆಕ್ಕದಲ್ಲಿ ಓದುವುದಿಲ್ಲ, ಎಂಟರ ಲೆಕ್ಕದಲ್ಲಿ ಓದುತ್ತದೆ. ಆ ಲೆಕ್ಕದಲ್ಲಿ ಏಳರವರೆಗೆ ಮಾತ್ರ ಅಂಕಿಗಳು. ಎಂಟು, ಒಂಬತ್ತು ಎಂಬವೇ ಇಲ್ಲ. ಹಾಗಾಗಿ 07 ಕೊಟ್ಟರೆ ತಕರಾರಿಲ್ಲದೆ ಕೂಡಿಸುತ್ತದೆ. 08 ಕೊಟ್ಟರೆ ತಪ್ಪು ಎಂದು ಹೇಳಿ ಬಿಟ್ಟುಬಿಡುತ್ತದೆ. ಇದು ನಾನು ವರ್ಷವೂ ಕೇಳುವ ಪ್ರಶ್ನೆ. ಆ ವರ್ಷವೂ 08 ಎಂದು ಟೈಪು ಮಾಡಿದೆ. ಬೆರಳು ಅಲ್ಲೇ ನಿಂತಿತು.

ಫೈಲುಗಳನ್ನು ತೆರೆದು ಕಾಗದದ ಮೇಲೆ ಕೂಡಿಸಿದೆ. ಹೆಡ್‌ಮಾಸ್ತರರು ಹೆಚ್ಚಿನ ತಂಡಗಳಿಗೆ 06, 07 ಕೊಟ್ಟಿದ್ದರು. ಅವೆಲ್ಲ ಲೆಕ್ಕಕ್ಕೆ ಸೇರಿದ್ದವು. ಅತ್ತಿಗೆಯ ತಂಡಕ್ಕೆ ಕೊಟ್ಟದ್ದು ಬರೇ 08 ಮತ್ತು 09. ಅವರು ಮೆಚ್ಚಿ ಕೊಟ್ಟದ್ದರಲ್ಲಿ ಒಂದು ಅಂಕವೂ ಸೇರಿರಲಿಲ್ಲ. ಸೇರಿಸಿ ನೋಡಿದರೆ ಅತ್ತಿಗೆಯ ತಂಡವೇ ಮೊದಲು. ಇನ್ನೆರಡು ಸಲ ಕೂಡಿಸಿದೆ, ಬೇರೆ ಏನಾದರೂ ಬಂದೀತೋ ಎಂಬ ಆಸೆಯಿಂದ.

ಕಾರ್ಯದರ್ಶಿಗೆ ಫೋನು ಮಾಡಿದೆ. "ಬಿಡಿ ಮಾರಾಯ್ರೆ, ಗೆದ್ದವರಿಗೆ ಕಪ್ಪು ಕೊಟ್ಟು ಆಯ್ತಲ್ಲ. ಈಗ ನಿಮ್ಮ ಅತ್ತಿಗೆಯವರೇ ಫಸ್ಟ್ ಅಂತ ನೀವೇ ಹೇಳಿದ್ರೆ ಜನ ನಗಾಡುದಿಲ್ವಾ?" ಎಂದರು. ನನಗೆ ನಿರಾಳವಾಯಿತು. ಆ ನಿರಾಳಕ್ಕೆ ಈಗಲೂ ತಲೆ ತಗ್ಗಿಸುತ್ತೇನೆ.

ಭಾನುವಾರ ವಾಮದಪದವಿಗೆ ಹೋದೆ. ಅತ್ತಿಗೆ ಅಡುಗೆಮನೆಯಲ್ಲಿ ಬಸಳೆ ಕೊಯ್ಯುತ್ತಿದ್ದರು. ಬಾಗಿಲು ಎಳೆದುಕೊಂಡು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಅವರು ಕತ್ತಿ ಕೆಳಗಿಟ್ಟರು.

"ಸೋತದ್ದನ್ನು ಮೈಕಿನಲ್ಲಿ ಹೇಳಿದ್ದಿ. ಗೆದ್ದದ್ದನ್ನು ಅಡುಗೆಕೋಣೆಯಲ್ಲಿ ಹೇಳ್ತಿಯಾ?"

ಎಲ್ಲ ತಂಡಗಳವರೂ ಇದ್ದ ವಾಟ್ಸ್ಯಾಪ್ ಗುಂಪಿಗೆ ಅಲ್ಲೇ ಕೂತು ದನಿ ಸಂದೇಶ ಕಳಿಸಿದೆ. ತಪ್ಪು ನನ್ನದು, ಮೊದಲ ಸ್ಥಾನ ವಾಮದಪದವಿನದು ಎಂದೆ. ಸ್ವಲ್ಪ ಹೊತ್ತಿನಲ್ಲಿ ಕೆಲವರು ಹೆಬ್ಬೆರಳು ತೋರಿಸಿದರು. ಒಬ್ಬರು ಮಾತ್ರ, "ಅತ್ತಿಗೆ ಅಲ್ವಾ" ಎಂದು ಬರೆದು ನಗುವ ಮುಖ ಹಾಕಿದರು. ಅತ್ತಿಗೆಯೂ ಅದನ್ನು ಓದಿದರು.

"ಇರ್ಲಿ, ಅಂಕ ಮೆಷಿನಿದು," ಎಂದರು ಆಮೇಲೆ. "ಎರಡನೇ ಹಾಡಿನ ಓಟ ಜೋರಾಯ್ತು ಅಂತ ಹೇಳಿದ್ಯಲ್ಲ, ಅದು?"

"ಅದು ನಾನೇ. ಸುಮ್ಮನೆ ಹೇಳಿದ್ದು, ಅತ್ತಿಗೆ."

ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗಿ ಉಣ್ಣಲು ಕೂರುತ್ತಿದ್ದೆ.

ಸಂಜೆ ಅವರ ಜೊತೆ ಭಜನಾ ಮಂದಿರಕ್ಕೆ ಹೋಗಿ ಹೆಂಗಸರ ಎದುರು ನಿಂತು ಮತ್ತೆ ಎಲ್ಲ ಹೇಳಿದೆ. ಯಾರೂ ಸಿಟ್ಟು ಮಾಡಲಿಲ್ಲ. ಗೆದ್ದೆವಂತೆ ಎಂದು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅತ್ತಿಗೆಯನ್ನು ಮುಂದೆ ಬರಲು ಕರೆದರು. ಅವರು ಹೋಗದೆ ಹಿಂದಿನ ಸಾಲಿನಲ್ಲೇ ನಿಂತರು. ಹಾಡು ಸುರುವಾಯಿತು. ಎರಡನೆಯ ಹಾಡಿಗೆ ಬಂದಾಗ ಇಡೀ ತಂಡ ಒಂದೇ ಸಲ ನಿಧಾನವಾಯಿತು. ಹೆಜ್ಜೆಗಳು ಎಳೆದು ಎಳೆದು ಬಿದ್ದವು. ತಾಳ ತಿಳಿಯದ ನನಗೂ ಅದರ ಜೀವ ಹೋಗಿದೆ ಎಂದು ತಿಳಿಯಿತು.

"ಹಾಗಲ್ಲ," ಎಂದೆ, "ಸ್ಪರ್ಧೆಯಲ್ಲಿ ಹಾಡಿದ ಹಾಗೆಯೇ ಹಾಡಿ."

ಮುಂದೆ ನಿಂತವಳು ತಾಳ ನಿಲ್ಲಿಸಿ ತಿರುಗಿದಳು. "ಅದು ಈಗ ಬರುದಿಲ್ಲ ಅಕ್ಕ," ಎಂದಳು. "ಓಟ ಜೋರಾಯ್ತು ಅಂತ ಅಷ್ಟು ದಿನ ಕಷ್ಟಪಟ್ಟು ಬಿಡಿಸಿಕೊಂಡದ್ದಲ್ವಾ."