ಅನ್ನವ್ವನ ಉಡಿಗೆ ಬೀಳದ ರುಮಾಲು

ಮಾಸೂರಿನ ಅನ್ನವ್ವನನ್ನು ಯಾರಾದರೂ "ಪೈಲ್ವಾನರ ಅಕ್ಕ" ಎಂದರೆ ಮೊದಮೊದಲು ಅವಳ ಮುಖ ಅರಳುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಅದೇ ಮಾತಿಗೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅದಕ್ಕೆ ಕಾರಣ ಒಂದು ಡಬ್ಬಿ ಪುಡಿ. ನಗಬೇಡಿ, ನಿಜವಾಗಿಯೂ ಒಂದು ಡಬ್ಬಿ ಪುಡಿ.

ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಅವ್ವನೂ ಇರಲಿಲ್ಲ. ತಮ್ಮ ಭರಮಪ್ಪನನ್ನು ಎತ್ತಿ ಆಡಿಸಿದವಳು ಅವಳೇ, ಗರಡಿಮನೆಗೆ ಕಳಿಸಿದವಳೂ ಅವಳೇ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ ಬಂದು, ಎಮ್ಮೆ ಹಿಂಡಿ, ಬಾದಾಮಿ ಅರೆದು, ತಂಬಿಗೆ ತುಂಬ ಹಾಲು ಕುಡಿಸುವಳು. ತನಗೆ ಮಾತ್ರ ನೀರು ಮಜ್ಜಿಗೆ.

"ನೀನೂ ಒಂದೀಟು ಕುಡಿ, ಯಕ್ಕಾ."

"ನಾ ಯಾರ ಜೋಡಿ ಕುಸ್ತಿ ಹಿಡೀಲೋ, ಹುಚ್ಚಪ್ಪ?"

ಆ ಗರಡಿಯಲ್ಲೊಂದು ಪದ್ಧತಿಯಿತ್ತು. ಗೆದ್ದವನು ತನಗೆ ಕಟ್ಟಿದ ರುಮಾಲನ್ನು, ಯಾರ ಖುರಾಕು ತಿಂದು ಗೆದ್ದನೋ ಅವರಿಗೆ ಒಪ್ಪಿಸಬೇಕು. ಗಂಡಸಾದರೆ ತಲೆಗೆ ಸುತ್ತುವುದು, ಹೆಂಗಸಾದರೆ ಉಡಿಗೆ ಹಾಕುವುದು. "ಹಾನಗಲ್ಲದಾಗ ಗೆದ್ದರ ರುಮಾಲ ನಿನ್ನ ಉಡಿಗೆ, ಯಕ್ಕಾ" ಎಂದು ಭರಮಪ್ಪ ಮಾತು ಕೊಟ್ಟಿದ್ದ. ಗಂಡ ಸತ್ತವಳ ಉಡಿಯನ್ನು ಯಾರು ತುಂಬುತ್ತಾರೆ? ಊರ ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ ಬೀಳುವಾಗ ಬಾಗಿಲ ಮರೆಗೆ ನಿಂತು ನೋಡಿದವಳಿಗೆ ಆ ರುಮಾಲಿನ ಆಸೆ ಎಷ್ಟಿತ್ತು ಎಂದು ಬಾಯಿಬಿಟ್ಟು ಹೇಳಬೇಕೇ? ಬಹಳ ಇತ್ತು.

ಎಪ್ಪತ್ತೆಂಟರ ಬೇಸಿಗೆ. ಹಾನಗಲ್ಲಿನ ಕುಸ್ತಿ ಹತ್ತಿರ ಬಂದಿತ್ತು. ಹಿರೇಕೆರೂರಿನ ಔಷಧಿ ಅಂಗಡಿಯ ಚನ್ನವೀರಪ್ಪನವರು ಹುಬ್ಬಳ್ಳಿಯಿಂದ ಒಂದು ಡಬ್ಬಿ ತರಿಸಿಕೊಟ್ಟರು. ಕುಸ್ತಿಯ ಹುಚ್ಚಿನ ಮನುಷ್ಯ, ಕೆಟ್ಟವರೇನಲ್ಲ.

"ಅಮೈನೋ ಆಸಿಡ್ ಪೌಡರ್ ಇದು. ಕಸರತ್ತು ಮಾಡಿ ದಣಿದ ಮೈನ ರಿಪೇರಿ ಮಾಡ್ತೈತಿ. ಹಾಲಾಗ ಹಾಕಿ ಕೊಡವಾ."

"ಆಸಿಡ್ ಅಂದ್ರ ಬ್ಯಾಟರಿಗೆ ಹಾಕೂದಲ್ಲೇನ್ರಿ?" ಅನ್ನವ್ವ ಹೆದರಿಯೇಬಿಟ್ಟಳು. ಎಲ್ಲರೂ ನಕ್ಕರು. ಭರಮಪ್ಪನಂತೂ ಅಂದಿನಿಂದ ಡಬ್ಬಿಗೆ ಊದಿನಕಡ್ಡಿ ಬೆಳಗತೊಡಗಿದ.

ಒಂದು ದಿನ ಒದ್ದೆ ಚಮಚ ಬಿದ್ದು ಪುಡಿ ಗಂಟುಗಟ್ಟಿತು. ಹಿಟ್ಟು ಗಂಟುಗಟ್ಟಿದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಬಿಸಿಲಿಗೆ ಹರವುತ್ತಾರೆ. ಅನ್ನವ್ವನೂ ಅಷ್ಟನ್ನೂ ಮೊರದಲ್ಲಿ ಹರವಿ ನೀರಿಗೆ ಹೋದಳು. ಬರುವಷ್ಟರಲ್ಲಿ ಎಮ್ಮೆಗರು ಹಗ್ಗ ಕಿತ್ತುಕೊಂಡು ಬಂದು, ಮೊರವನ್ನು ತೊಳೆದಿಟ್ಟ ಹಾಗೆ ನೆಕ್ಕಿತ್ತು. ಆ ಹಾಳಾದ್ದನ್ನೇ ಕುಸ್ತಿಗೆ ಇಳಿಸಬೇಕಿತ್ತು!

ಅನ್ನವ್ವ ಅಂಗಳದಲ್ಲೇ ಕುಸಿದು ಕೂತಳು. ಪಕ್ಕದ ಮನೆಯ ಚಮನಬಿ ಓಡಿಬಂದಳು. "ಅಯ್ಯ, ಅಳಬ್ಯಾಡ ಸುಮ್ನಿರು. ಪುಟಾಣಿ ಹಿಟ್ಟ ತುಂಬಿದ್ರಾತು. ಅವಂಗೇನ ತಿಳೀತೈತಿ?" ಇಬ್ಬರೂ ಪುಟಾಣಿ, ಅಂದರೆ ಹುರಿಗಡಲೆ, ಬೀಸಿ, ಸಕ್ಕರೆ ಬೆರೆಸಿ ಡಬ್ಬಿ ತುಂಬಿದರು. ತಮ್ಮನ ಧೈರ್ಯ ಕೆಡಬಾರದು, ಕುಸ್ತಿ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಳು ಅನ್ನವ್ವ.

ಭರಮಪ್ಪ ಗೆದ್ದ. ಹಲಗೆ ಬಾರಿಸುತ್ತ ಊರಿಗೆ ಕರೆತಂದರು. ಗರಡಿಯ ಬಾಗಿಲಲ್ಲಿ ಅನ್ನವ್ವ ತೊಳೆದ ಸೀರೆಯುಟ್ಟು, ಸೆರಗಿನ ತುದಿ ಹಿಡಿದು ನಿಂತಿದ್ದಳು. ಭರಮಪ್ಪ ನೆಟ್ಟಗೆ ಬಂದವನು ಅವಳ ಪಕ್ಕದಲ್ಲೇ ಹಾದು, ಕುಸ್ತಿ ನೋಡಿ ಜೊತೆಗೇ ಬಂದಿದ್ದ ಚನ್ನವೀರಪ್ಪನವರ ತಲೆಗೆ ರುಮಾಲು ಸುತ್ತಿದ. "ಎಲ್ಲಾ ಇವ್ರ ಪೌಡರಿಂದ!" ಎಂದು ಕೂಗಿದ. ಅನ್ನವ್ವನಿಗೆ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಊರೆದುರು ತಮ್ಮನನ್ನು ನಗೆಪಾಟಲು ಮಾಡುವುದೇ? ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಬಂದದ್ದು ಇನ್ನೊಂದು ಡಬ್ಬಿ. ಹಾಲು ಹೊಟ್ಟೆಗೆ ಭಾರ ಎಂದು ಭರಮಪ್ಪ ಪುಡಿಯನ್ನು ನೀರಿಗೇ ಕಲಸಿ ಕುಡಿಯತೊಡಗಿದ. ಇನ್ನು ಇದೇಕೆ ಎಂದು ಎಮ್ಮೆಯನ್ನೂ ಮಾರಿದ. ಹೊತ್ತು ಗೊತ್ತಿಲ್ಲದೆ ಸಾಮು ಮಾಡಿದ. ಬಲಭುಜ ಬಾತುಕೊಂಡಿತು. ಗರಡಿಯ ವಸ್ತಾದ್ ಗುಡ್ಡಪ್ಪ ಮನೆಗೇ ಬಂದು ಬೈದ: "ಎಣ್ಣಿ ತಿಕ್ಕಿಸಿಕೊಂಡು ಸುಮ್ಮನ ಬಿದ್ಕೊಳ್ಳೋ. ಮೈಗೆ ದಣಿವ ಆರಬೇಕು."

"ಪೌಡರ ಐತಲ್ರಿ, ಅದ ರಿಪೇರಿ ಮಾಡ್ತೈತಿ. ಹಾನಗಲ್ಲದಾಗ ನೋಡಿದ್ರಲ್ಲ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅನ್ನವ್ವನ ಕೈ ನಿಂತಿತು. ಹಾನಗಲ್ಲಿನಲ್ಲಿ ಗೆಲ್ಲಿಸಿದ್ದು ಏನೆಂದು ಅವಳಿಗೆ ಗೊತ್ತಿತ್ತಲ್ಲ. ಆಗಲಾದರೂ ಹೊರಗೆ ಬಂದು ಒಂದು ಮಾತು ಹೇಳಬಾರದಿತ್ತೇ? ಇಷ್ಟು ದಿನ ಮುಚ್ಚಿಟ್ಟೆಯಾ ಎಂದು ತಮ್ಮ ಮುನಿಸಿಕೊಂಡರೆ ಎಂಬ ಭಯ. ಮತ್ತೆ ರೊಟ್ಟಿ ಬಡಿದಳು.

ಸವಣೂರಿನ ಕುಸ್ತಿಯಲ್ಲಿ ಎದುರಾಳಿ ಅದೇ ತೋಳನ್ನು ಹಿಡಿದು ತಿರುವಿದ. ಭುಜ ಕಳಚಿತು. ನಾಟಿ ವೈದ್ಯರು ಕಟ್ಟಿದರು, ದೊಡ್ಡ ಆಸ್ಪತ್ರೆಯಲ್ಲೂ ನೋಡಿದರು. ಆ ಕೈ ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಹತ್ತು ಊರಿನ ಪೈಲ್ವಾನರನ್ನು ಎತ್ತಿ ಒಗೆದವನಿಗೆ ತಲೆಗೆ ರುಮಾಲು ಸುತ್ತಿಕೊಳ್ಳಲೂ ಅಕ್ಕನೇ ಬೇಕಾದಳು. ದಿನಾ ಬೆಳಿಗ್ಗೆ ಅವಳು ಸುತ್ತುವಳು, ಅವನು ತಲೆ ಬಗ್ಗಿಸುವನು. ಅನ್ನವ್ವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ.

ವರ್ಷಗಳು ಕಳೆದವು. ಎಂಬತ್ತಾರರ ಸುಮಾರಿಗೆ ಒಂದು ಮಧ್ಯಾಹ್ನ, ಗರಡಿಯ ಹುಡುಗರು ಅಂಥದೇ ಡಬ್ಬಿ ಹಿಡಿದು ಹೋಗುವುದನ್ನು ಕಂಡು ಕಟ್ಟೆಯ ಮೇಲಿದ್ದ ಚಮನಬಿ ನಕ್ಕಳು. "ಭರಮಣ್ಣ, ನೀ ಹಾನಗಲ್ಲದಾಗ ಗೆದ್ದದ್ದು ನಮ್ಮ ಪುಟಾಣಿ ಹಿಟ್ಟು ತಿಂದು, ಗೊತ್ತೈತೇನ? ನಿನ್ನ ಪೌಡರ್ ಎಮ್ಮೆಗರು ನೆಕ್ಕಿತ್ತು!"

ಭರಮಪ್ಪ ಅಕ್ಕನ ಕಡೆ ತಿರುಗಿದ. ಅಕ್ಕಿ ಆರಿಸುತ್ತಿದ್ದ ಅನ್ನವ್ವ ತಲೆ ಎತ್ತಲಿಲ್ಲ. ಈಗ ಬೈಯುತ್ತಾನೆ, ನನ್ನ ತೋಳು ತಿಂದೆ ಎನ್ನುತ್ತಾನೆ. ಅನ್ನಲಿ, ಅಂದರೆ ಹಗುರಾದರೂ ಆದೀತು ಎಂದು ಕಾದಳು.

"ಹಂಗಾರ ಆ ರುಮಾಲ ನಿಂದಿತ್ತಲ್ಲ, ಯಕ್ಕಾ" ಎಂದ ಭರಮಪ್ಪ. "ನಿನ್ನ ಮುಂದಿಂದ ಹಾದು ಹೋಗಿ ಮಂದಿಗೆ ಕಟ್ಟಿ ಬಂದೆನಲ್ಲ."

ಅಷ್ಟು ವರ್ಷ ಅಳದ ಅನ್ನವ್ವ ಈಗ ಅಳುತ್ತ ಮೊರವನ್ನು ಬಿಟ್ಟು ಎರಡೂ ಕೈಯಲ್ಲಿ ಅವನ ಬಲಗೈ ಹಿಡಿದುಕೊಂಡಳು.

"ರುಮಾಲ ಸುಡ್ಲೋ ತಮ್ಮಾ. ಅವತ್ತ ಒಂದ ಮಾತ ಬಾಯಿಬಿಟ್ಟಿದ್ರ ಈ ಕೈ ಉಳೀತಿತ್ತು."