ಯಾರನ್ನೂ ಕತ್ತರಿಸದ ಫೋಟೋ

ಕಳೆದ ವಾರ ನನ್ನ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಬಿಸಿ ಧೂಳಿನ ವಾಸನೆ ಬಂತು. ರಿಪೇರಿಗೆ ಬಂದಿದ್ದ ಹುಡುಗಿ ಫ್ಯಾನಿಗೆ ಗಾಳಿ ಊದಿ, ಹಳೆಯ ಫೈಲುಗಳನ್ನು ಬೇರೆಡೆಗೆ ಸಾಗಿಸುತ್ತ, "ಸರ್, ಈ ಒಂದು ಫೋಟೋ ಯಾಕೆ ಇಷ್ಟು ದೊಡ್ಡದು?" ಎಂದು ಕೇಳಿದಳು. ಆ ವಾಸನೆ ನನ್ನನ್ನು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಒಂದು ವರಾಂಡಕ್ಕೆ ಒಯ್ದಿತ್ತು...

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಒಂದು ಇಂಗ್ಲಿಷ್ ಪತ್ರಿಕೆಗೆ ಆ ಊರಿನಲ್ಲಿ ನಾನೊಬ್ಬನೇ ವರದಿಗಾರ. ಪುಟ ಕಟ್ಟುವ ಡೆಸ್ಕ್ ವಿಜಯವಾಡದಲ್ಲಿತ್ತು. ನಾನಿದ್ದ ಮನೆಯ ಕೆಳಗೆ, ನಾನು ಅಕ್ಕ ಎಂದು ಕರೆಯುತ್ತಿದ್ದ ಒಬ್ಬರು ಇದ್ದರು. ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವರು. ವರಾಂಡದಲ್ಲಿ ಡಿಟಿಪಿ ಅಂಗಡಿ ಇಟ್ಟು ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಮಾಡಿಕೊಡುತ್ತಿದ್ದರು. ಅವರ ಕನ್ನಡದ ಕೊನೆಗೆ ಆಗಾಗ ಒಂದು ತೆಲುಗಿನ "ಅಂಡಿ" ಅಂಟಿಕೊಳ್ಳುತ್ತಿತ್ತು, ನಮ್ಮ "ರೀ" ಇದ್ದಂತೆ. ಕಂಪ್ಯೂಟರ್ ಒಂದು ಕೋಚಿಂಗ್ ಸೆಂಟರ್ ಮಾರಿದ ಹಳೆಯ ಪೆಟ್ಟಿಗೆ. ಅದರ ಫ್ಯಾನಿನ ಧೂಳು ಹೊಡೆಯಲು ಪೇಂಟಿಂಗ್ ಬ್ರಶ್ ಒಂದು ಸದಾ ಅವರ ಕೈಗೆಟುಕುವಂತೆ ಇರುತ್ತಿತ್ತು.

ಒಂದು ಮಧ್ಯಾಹ್ನ ಗದಗದ ಕಡೆಯವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕನ್ನಡದವನು ಎಂದು ಯಾರೋ ವಿಳಾಸ ಕೊಟ್ಟಿದ್ದರು. ಹಿಂದಿನ ದಿನ ಸಿಂಹಾಚಲ ದೇವಸ್ಥಾನದ ಜನಜಂಗುಳಿಯಲ್ಲಿ ಅವರ ತಂದೆ ತಪ್ಪಿಸಿಕೊಂಡಿದ್ದರು. ಪೊಲೀಸರಿಗೆ ದೂರು ಕೊಟ್ಟಾಗಿತ್ತು.

"ಅಪ್ಪಗ ಕನ್ನಡ ಬಿಟ್ರ ಏನೂ ಬರೂದಿಲ್ರಿ. ಸಕ್ಕರಿ ಕಾಯಿಲೆ ಐತಿ. ಗುಳಗಿ ನನ್ನ ಚೀಲದಾಗ ಉಳದಾವ," ಎಂದು ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು.

ಇದ್ದದ್ದು ಒಂದೇ ಫೋಟೋ. ತಂದೆ ಯಾತ್ರೆಗೆ ಹೋದಲ್ಲೆಲ್ಲ ದೇವರ ಮುಂದಿಟ್ಟು ತರಲು ಒಯ್ಯುತ್ತಿದ್ದ, ಮನೆಯ ಹದಿನಾಲ್ಕು ಜನರ ಗುಂಪು ಫೋಟೋ. ಅದರಲ್ಲಿ ಅವರ ಮುಖ ಉಗುರಿನಷ್ಟು. ನಾನು ಡೆಸ್ಕಿಗೆ ಫೋನ್ ಮಾಡಿದೆ. ಏಳರೊಳಗೆ ಮುಖದ ಚಿತ್ರ ತಲುಪಿದರೆ ಮರುದಿನ ಎಲ್ಲ ಆವೃತ್ತಿಗಳಲ್ಲೂ ಹಾಕುತ್ತೇವೆ ಎಂದರು.

ಅಕ್ಕ ಕಾರ್ಡು ಕೊಡಲು ಹೋಗಿದ್ದರು. ಅವರ ಯಂತ್ರ ನನಗೆ ಗೊತ್ತಿದ್ದರಿಂದ ನಾನೇ ಕೂತೆ. ಆಗ ಮಗ ಹೇಳಿದರು, "ಯಾರನ್ನೂ ಕತ್ತರಸಬ್ಯಾಡ್ರಿ. ಜೀವಂತ ಇದ್ದವರ ಫೋಟೋ ಕತ್ತರಿಸಬಾರ್ದು. ಅದೂ ದೇವರ ಮುಂದ ಇಟ್ಟಿದ್ದು." ಆ ಸ್ಥಿತಿಯಲ್ಲಿದ್ದವರೊಡನೆ ವಾದ ಮಾಡುವುದು ಹೇಗೆ? ಇಡೀ ಫೋಟೋವನ್ನು ಸ್ಕ್ಯಾನರಿನ ಅತಿ ಹೆಚ್ಚಿನ ಅಳತೆಯಲ್ಲಿ ತೆಗೆದೆ, ಆಗಲಾದರೂ ಆ ಚಿಕ್ಕ ಮುಖ ಸ್ಪಷ್ಟವಾದೀತೆಂದು. ಚಿತ್ರ ತಿದ್ದುವ ಸಾಫ್ಟ್‌ವೇರ್ ಅದನ್ನು ತೆರೆಯಲು ನಾಲ್ಕು ನಿಮಿಷ ತೆಗೆದುಕೊಂಡಿತು. ಬೆಳಕು ಸ್ವಲ್ಪ ಹೆಚ್ಚಿಸಲು ಹೋದರೆ ಮತ್ತೆ ಪರದೆಯ ಮೇಲೆ ಕಾಯಿಸುವ ಮರಳುಗಡಿಯಾರ. ನಾನು ಮೌಸ್ ಒತ್ತುತ್ತಲೇ ಹೋದೆ. ಪರದೆ ನಿಂತೇಬಿಟ್ಟಿತು.

ಅಕ್ಕ ಬಂದಾಗ ನಾಲ್ಕೂವರೆ. ಎಲ್ಲವನ್ನೂ ಕೇಳಿಕೊಂಡು, "ಎಷ್ಟು ಸಲ ಒತ್ತಿದಿರಿ ಪೇಪರಿನೋರೇ?" ಎಂದರು.

"ಲೆಕ್ಕ ಇಟ್ಟಿಲ್ಲ."

"ಅದು ಇಟ್ಟಿದೆ ಬಿಡಿ. ಒಂದೊಂದಕ್ಕೂ ಉತ್ತರ ಕೊಟ್ಟೇ ಏಳೋದು."

ಮುಖದಲ್ಲಿ ಗಾಬರಿಯಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ತಾನಾಗಿ ತೆರೆದುಕೊಳ್ಳುತ್ತಿದ್ದ ಭಕ್ತಿಗೀತೆಯ ಪ್ಲೇಯರ್ ಮುಚ್ಚಿದರು. ಆಮೇಲೆ ಹಾರ್ಡ್ ಡಿಸ್ಕ್ ನೋಡಿದರು. ಆ ಸೀಸನ್ನಿನ ಲಗ್ನಪತ್ರಿಕೆಗಳಿಂದ ಅದು ತುಂಬಿ ತುಳುಕುತ್ತಿತ್ತು. ಮೆಮೊರಿ ಸಾಲದಾದಾಗ ಸಾಫ್ಟ್‌ವೇರ್ ಅಲ್ಲಿ ಜಾಗ ಹುಡುಕುತ್ತದೆ, ಜಾಗವೇ ಇಲ್ಲದಿದ್ದರೆ ಒದ್ದಾಡುತ್ತದೆ ಎಂದು ವಿವರಿಸಿದರು. "ಇದಕ್ಕೆ ಅಜೀರ್ಣ ಆಗಿದೆ ಅಂಡಿ, ಬೈದರೆ ಹೋಗಲ್ಲ." ಆ ಜಾಗವನ್ನು ಖಾಲಿಯಿದ್ದ ಎರಡನೇ ಡ್ರೈವಿಗೆ ಬದಲಿಸಿದರು. ಮಾಡಿದ್ದನ್ನು ಹಿಂದೆ ತೆಗೆದುಕೊಳ್ಳಲೆಂದು ಅದು ನೆನಪಿಡುವ ಹೆಜ್ಜೆಗಳನ್ನೂ ಕಡಿಮೆ ಮಾಡಿದರು. ಪ್ರತಿ ಬದಲಾವಣೆಯ ನಂತರ ಫೈಲ್ ತೆರೆದು, ಗೋಡೆ ಗಡಿಯಾರ ನೋಡಿ ಎಷ್ಟು ಹೊತ್ತಾಯಿತೆಂದು ಚೀಟಿಯಲ್ಲಿ ಬರೆದರು.

"ಎಲ್ಲ ಒಟ್ಟಿಗೆ ಮಾಡಬಾರದೇ ಅಕ್ಕ?" ಎಂದೆ.

"ಆಮೇಲೆ ಯಾವುದರಿಂದ ಸರಿಹೋಯ್ತು ಅಂತ ಯಾರನ್ನ ಕೇಳಲಿ?"

ನಾಲ್ಕು ನಿಮಿಷ ಒಂದೂವರೆಗೆ ಇಳಿಯಿತು. ಆದರೂ ಫೈಲ್ ಬೆಟ್ಟದಷ್ಟಿತ್ತು. ಆಗಿನ ಫೋನ್ ಲೈನಿನಲ್ಲಿ ಅದು ಬೆಳಗಾದರೂ ವಿಜಯವಾಡ ಮುಟ್ಟುತ್ತಿರಲಿಲ್ಲ. ಗಂಟೆ ಆರಾಗಿತ್ತು. ಅಕ್ಕ ಕುರ್ಚಿ ತಿರುಗಿಸಿ ಮಗನ ಕಡೆ ನೋಡಿದರು.

"ತಮ್ಮಾ, ಇದು ನಿಮ್ಮ ಫೋಟೋ. ಹದಿನಾಲ್ಕೂ ಜನ ಇದರಲ್ಲಿ ಹಂಗೇ ಇರ್ತಾರೆ. ಇದನ್ನ ನಾನು ಮುಟ್ಟಲ್ಲ. ಇನ್ನೊಂದು ನಕಲು ಮಾಡಿ, ಅದರಲ್ಲಿ ನಿಮ್ಮಪ್ಪನ್ನ ಒಬ್ಬರನ್ನೇ ಹತ್ತಿರ ಕರೀತೀನಿ. ಕರೀಲಾ?"

ಅವರು ಮಾತ್ರೆಯ ಪಟ್ಟಿಯನ್ನು ಬೆರಳಲ್ಲಿ ತಿರುಗಿಸಿದರು. "ಕರೀರಿ, ಅಕ್ಕಾರ," ಎಂದರು.

ಮುಂದಿನದು ಹತ್ತು ನಿಮಿಷದ ಕೆಲಸ. ಮುಖದ ಭಾಗವಷ್ಟೇ ಉಳಿದ ಮೇಲೆ ಅದೇ ಹಳೆಯ ಯಂತ್ರ ಹೇಳಿದ್ದನ್ನು ಹೇಳಿದಂತೆ ಮಾಡಿತು. ಕಿವಿಯಲ್ಲಿದ್ದ ಚಿನ್ನದ ಒಂಟಿಯೂ ಕಾಣುವಷ್ಟು ಬೆಳಕು ಕೊಟ್ಟರು. ಆರೂ ಮುಕ್ಕಾಲಿಗೆ ಚಿತ್ರ ಹೋಯಿತು. ಸಂಪರ್ಕಕ್ಕೆ ಅಂಗಡಿಯ ಫೋನನ್ನೇ ಕೊಟ್ಟೆವು.

ಮರುದಿನ ಹತ್ತು ಗಂಟೆಗೆ ಫೋನ್ ಬಂತು. ವಿಜಯವಾಡ ಸ್ಟೇಷನ್ನಿನಲ್ಲಿ ಟೀ ಮಾರುವವರೊಬ್ಬರು. ಪ್ಲಾಟ್‌ಫಾರಂ ಕೊನೆಯ ನಲ್ಲಿಯ ಹತ್ತಿರ ಕೂತ ಮುದುಕರ ಕಿವಿಯಲ್ಲಿ ಅದೇ ಒಂಟಿ. ಊರಿಗೆ ಹೋಗುತ್ತದೆಂದು ಸಿಕ್ಕ ರೈಲು ಹತ್ತಿದ್ದರಂತೆ. ಅಕ್ಕ ರಿಸೀವರ್ ಇಟ್ಟು, ಸ್ಟೂಲಿನ ಮೇಲೆ ಕೂತು, "ಅಮ್ಮಯ್ಯ!" ಎಂದು ಉದ್ದಕ್ಕೆ ಉಸಿರು ಬಿಟ್ಟರು. ತೆಲುಗಿನಲ್ಲಿ ಎದೆ ಹಗುರಾದಾಗ ಬರುವ ಮಾತು. ನಾನು ಡೆಸ್ಕಿನವರಿಗೆ ಹೇಳಿ ಮುದುಕರನ್ನು ಆಸ್ಪತ್ರೆಗೆ ಸೇರಿಸಿದೆ. ಮಗ ಸಿಕ್ಕ ಮೊದಲ ರೈಲಿಗೆ ಹೊರಟರು. ಮಾತ್ರೆ ಮರೆಯಲಿಲ್ಲ.

ನಾಲ್ಕು ದಿನದ ಮೇಲೆ ಇಬ್ಬರೂ ಬಂದರು, ಅರ್ಧಕ್ಕೆ ನಿಂತ ದರ್ಶನ ಮುಗಿಸಲು. ಮುದುಕರು ಬಾಗಿಲಲ್ಲೇ ನಿಂತು, "ನನ್ನ ಹತ್ತರ ಕರದಾಕಿ ಯಾರವಾ?" ಎಂದು ಕೇಳಿದರು. ಅಕ್ಕ ಎಷ್ಟು ಬೇಡವೆಂದರೂ ಬಿಡದೆ ಫೋಟೋಕ್ಕೆ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪ್ರಿಂಟ್ ಬಂದ ದಿನ ಅಕ್ಕ ಅದನ್ನು ಅತಿ ಹೆಚ್ಚಿನ ಅಳತೆಯಲ್ಲಿ ಸ್ಕ್ಯಾನ್ ಮಾಡಿದರು. ಫೈಲ್ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. "ತಗೊಳ್ಳಲಿ ಬಿಡಿ ಅಂಡಿ, ಇವತ್ತು ಯಾವ ಅವಸರ?" ಎಂದು ಕಾಫಿ ತಂದರು...

ನನಗೆ ವರ್ಗವಾಯಿತು; ಆ ಫೈಲಿನ ಒಂದು ನಕಲು ನನ್ನ ಜೊತೆ ಬಂತು. ಅಕ್ಕ ತೀರಿಕೊಂಡ ಸುದ್ದಿ ತಿಳಿದದ್ದು ಎಷ್ಟೋ ತಿಂಗಳ ನಂತರ. ಊರೂರಿನ ಸುದ್ದಿ ಎಲ್ಲರಿಗಿಂತ ಮುಂಚೆ ಕೇಳುವ ಕೆಲಸದವನಿಗೆ ಅದೊಂದು ತಡವಾಗಿ ಬಂತು.

ರಿಪೇರಿಯ ಹುಡುಗಿ ಫೈಲ್ ತೆರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ತಂದೆ, ಮಗ, ಅಂಚಿನಲ್ಲಿ ಬ್ರಶ್ ಹಿಡಿದೇ ನಿಂತ ಅಕ್ಕ.

"ಈ ಅಂಚಿನ ಕಡೆ ಸ್ವಲ್ಪ ಕ್ರಾಪ್ ಮಾಡಿದರೆ ಚಿಕ್ಕದಾಗುತ್ತೆ ಸರ್."

"ಬೇಡಮ್ಮ," ಎಂದೆ. "ಜಾಗ ಸಾಲದಿದ್ದರೆ ಬೇರೆ ಏನಾದರೂ ತೆಗೆ."